ಬುಟ್ಟಿ, ಗೂಡು, ಡ್ರಾಯರ್, ಅಟ್ಟ: ಮಕ್ಕಳ ಆಟಿಕೆಗೆ ಯಾವ ಜಾಗ ಒಗ್ಗುತ್ತದೆ?

ಒಂದು ಭಾನುವಾರ ತಿಂಡಿ ಮುಗಿಸಿ, ನಡುಮನೆಯಲ್ಲಿ ಜಮಖಾನ ಹಾಸಿ, ಆಟಿಕೆಯ ದೊಡ್ಡ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿದೆ. ಮೂರೇ ಚಕ್ರ ಉಳಿದಿದ್ದ ಎರಡು ಕಾರುಗಳು ಬಿದ್ದವು. ತಲೆಯಿಲ್ಲದ ಗೊಂಬೆಯೊಂದು, ಸ್ವಲ್ಪ ದೂರದಲ್ಲಿ ಅದರ ತಲೆ. ಮುಚ್ಚಳ ಕಳೆದುಕೊಂಡು ಒಣಗಿದ ಸ್ಕೆಚ್ ಪೆನ್ನುಗಳು, ಜಾತ್ರೆಯಲ್ಲಿ ಕೊಂಡ ಪೀಪಿ, ಮೂರು ಬೇರೆ ಬೇರೆ ಹುಟ್ಟುಹಬ್ಬಗಳಲ್ಲಿ ರಿಟರ್ನ್ ಗಿಫ್ಟ್ ಎಂದು ಬಂದ ಒಂದೇ ತರಹದ ಸೋಪುಗುಳ್ಳೆಯ ಬಾಟಲಿಗಳು. ಅತ್ತೆ ಎರಡು ತಿಂಗಳಿಂದ ಹುಡುಕುತ್ತಿದ್ದ ಕುಂಕುಮದ ಭರಣಿಯೂ ಅಲ್ಲೇ ಇತ್ತು. ಕೊನೆಗೆ ಬುಟ್ಟಿಯ ತಳ ತಟ್ಟಿದಾಗ ಅರ್ಧ ಚಕ್ಕುಲಿ ಉದುರಿತು, ಅದರ ಬೆನ್ನ ಹಿಂದೆ ಇರುವೆಗಳ ಮೆರವಣಿಗೆ.

ಆ ಬುಟ್ಟಿಯ ಬದಲಿಗೆ ಏನಿಡಬೇಕು ಎಂದು ಅಂದಿನಿಂದ ಒಂದೂವರೆ ವರ್ಷ ಒಂದಲ್ಲ ಒಂದು ಪ್ರಯೋಗ ಮಾಡಿದ್ದೇನೆ. ಈ ಹೋಲಿಕೆ ಅದರ ಫಲ. ನಮ್ಮದು ಮೈಸೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರುಪತ್ರದಲ್ಲೇ ಬರೆದಿದೆ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು ತುಂಬಿದೆ. ಅತ್ತೆ ನಮ್ಮ ಜೊತೆಗಿದ್ದಾರೆ. ನಿಮ್ಮ ಮನೆಯ ಲೆಕ್ಕ ಬೇರೆಯಾದರೆ ಉತ್ತರವೂ ಬೇರೆಯಾದೀತು, ಅದಕ್ಕೇ ಇಷ್ಟು ಪೀಠಿಕೆ.

ಡಬ್ಬ, ಕಪಾಟುಗಳ ಜಾಹೀರಾತುಗಳು ಎಷ್ಟು ಸಾಮಾನು ಹಿಡಿಯುತ್ತದೆ ಎಂದು ಹೇಳುತ್ತವೆ. ನಾನು ನೋಡುವುದು ಬೇರೆ: ರಾತ್ರಿ ಒಂಬತ್ತಕ್ಕೆ, ಊಟ ಆದ ಮೇಲೆ, ಇದನ್ನು ಎತ್ತಿಡುವವರು ಯಾರು? ಮೂರು ವರ್ಷದವನ ಕೈಯಲ್ಲಿ ಆಗುತ್ತದೆಯೇ, ಏಳು ವರ್ಷದವಳು ಹೇಳಿಸಿಕೊಳ್ಳದೆ ಮಾಡುತ್ತಾಳೆಯೇ, ಮಂಡಿನೋವಿನ ಅತ್ತೆ ಬಗ್ಗಬೇಕೇ, ಅಥವಾ ಕಡೆಗೆ ಎಲ್ಲವೂ ನನ್ನ ತಲೆಗೇ ಬರುತ್ತದೆಯೇ? ಕೆಳಗಿನ ತೀರ್ಪುಗಳೆಲ್ಲ ಈ ಒಂದು ಅಳತೆಗೋಲಿನವು.

ಕೊಳ್ಳುವ ಮೊದಲು ಕಳೆಯುವುದು

ನಾನು ಮಾಡಿದ ಮೊದಲ ತಪ್ಪು, ವಿಂಗಡಿಸುವ ಮುನ್ನವೇ ಡಬ್ಬಗಳನ್ನು ತಂದದ್ದು. ಡಬ್ಬ ಬಂದ ಮೇಲೆ ಅದನ್ನು ತುಂಬಿಸುವುದೇ ಕೆಲಸವಾಯಿತು. ಕಸವೂ ಓರಣವಾಗಿ ಕೂತಿತು.

ವಿಂಗಡಣೆಗೆ ಎರಡು ದಾರಿಗಳಿವೆ. ಒಂದೇ ದಿನ ಎಲ್ಲವನ್ನೂ ಹರವಿ ಮುಗಿಸುವುದು, ಇಲ್ಲವೇ ಇವತ್ತು ಗಾಡಿಗಳು, ನಾಳೆ ಗೊಂಬೆಗಳು ಎಂದು ಒಂದೊಂದು ಜಾತಿಯನ್ನು ಹಿಡಿಯುವುದು. ಮೊದಲನೆಯದರಲ್ಲಿ ಒಂದು ಲಾಭವಿದೆ, ಮನೆಯಲ್ಲಿ ನಿಜಕ್ಕೂ ಎಷ್ಟಿದೆ ಎಂಬುದು ಕಣ್ಣಿಗೆ ರಾಚುತ್ತದೆ. ಆದರೆ ಮಕ್ಕಳು ಮನೆಯಲ್ಲಿದ್ದರೆ ಜಮಖಾನದ ಮೇಲಿನ ರಾಶಿ ಹತ್ತು ನಿಮಿಷದಲ್ಲಿ ಆಟದ ಬಯಲಾಗುತ್ತದೆ. ಮರೆತುಹೋದ ಪ್ರತಿ ಸಾಮಾನಿಗೂ ಹೊಸ ಪ್ರೀತಿ ಹುಟ್ಟುತ್ತದೆ. ಎರಡನೆಯದು ನಿಧಾನ, ಆದರೆ ಅರ್ಧ ಗಂಟೆಯಲ್ಲಿ ಒಂದು ಜಾತಿ ಮುಗಿಯುತ್ತದೆ. ಕೆಲಸಕ್ಕೆ ಹೋಗುವವರಿಗೆ ನನ್ನ ಸಲಹೆ ಎರಡನೆಯದೇ.

ಮಕ್ಕಳನ್ನು ಕೂರಿಸಿಕೊಂಡು ಮಾಡಬೇಕೋ, ಅವರು ಶಾಲೆಗೆ ಹೋದಾಗಲೋ? ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಆಟದ ಅಡುಗೆ ಸೆಟ್ಟಿನ ಬಿರುಕುಬಿಟ್ಟ ಹಳದಿ ಕುಕ್ಕರ್ ಮುಚ್ಚಳವನ್ನು ಯಾರಿಗೂ ಹೇಳದೆ ಎಸೆದೆ. ಅದು ಮುರಿದದ್ದು, ಚೂಪಾದದ್ದು, ಎಸೆಯಬೇಕಾದದ್ದೇ. ಆದರೆ ಮುಂದಿನ ಒಂದು ತಿಂಗಳು ಮಗಳು ಏನು ಕಾಣದಿದ್ದರೂ ಮೊದಲು ನನ್ನ ಮುಖ ನೋಡುತ್ತಿದ್ದಳು. ಅವಳ ಇನ್ನೊಂದು ಮಗ್ಗಿ ಪುಸ್ತಕ ಕಳೆದದ್ದಕ್ಕೂ ನಾನೇ ಹೊಣೆಯಾದೆ. ಈಗ ನಮ್ಮಲ್ಲಿ ಹೀಗೊಂದು ಕರಾರಿದೆ: ಮುರಿದು ಚೂಪಾದದ್ದು, ಬ್ಯಾಟರಿ ಸೋರಿದ್ದು, ಇವಕ್ಕೆ ಯಾರ ಅಪ್ಪಣೆಯೂ ಬೇಡ, ಆದರೆ ಎಸೆದದ್ದನ್ನು ಹೇಳಬೇಕು. ಉಳಿದ ಯಾವುದನ್ನೂ ಅವಳನ್ನು ಕೇಳದೆ ಮನೆಯಿಂದ ಆಚೆ ಕಳಿಸುವಂತಿಲ್ಲ.

ಕೇಳುವ ರೀತಿಯಲ್ಲೂ ವ್ಯತ್ಯಾಸವಿದೆ. "ಯಾವುದು ಬೇಡ?" ಎಂದರೆ "ಎಲ್ಲಾ ಬೇಕು" ಎಂಬುದೇ ಉತ್ತರ. "ನಿನಗೆ ತುಂಬಾ ಇಷ್ಟವಾದ ಹತ್ತನ್ನು ಆರಿಸು" ಎಂದೆ. ಎಂಟನ್ನು ಚಕಚಕನೆ ಆರಿಸಿದಳು, ಆಮೇಲೆ ಕೈ ನಿಂತಿತು. ನೂರಕ್ಕೂ ಹೆಚ್ಚು ಸಾಮಾನುಗಳ ನಡುವೆ ಕೂತು ಒಂಬತ್ತನೆಯದು ಯಾವುದೆಂದು ಅವಳಿಗೆ ತಿಳಿಯಲಿಲ್ಲ. ಮೂರು ವರ್ಷದವನಿಗೆ ಇದೂ ಭಾರ. ಅವನ ಎದುರು ಎರಡನ್ನು ಹಿಡಿದು ಯಾವುದು ಎಂದು ಕೇಳಿದರೆ ಸಾಕು.

ಕಡಿಮೆ ಆಟಿಕೆ ಇಟ್ಟರೆ ಮಕ್ಕಳಿಗೆ ಬೇಸರವಾಗುತ್ತದೆ ಎನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಅವರಿಗೆ ಹೇಳುತ್ತಿರುತ್ತೇನೆ. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರರ ಜೊತೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಚಿಕ್ಕ ಅಧ್ಯಯನ, ನಡೆದದ್ದು ಪ್ರಯೋಗದ ಕೋಣೆಯಲ್ಲಿ. ಆದರೂ ನಮ್ಮ ನಡುಮನೆಯಲ್ಲಿ ನಾನು ಕಂಡದ್ದಕ್ಕೆ ಅದು ತಾಳೆಯಾಗುತ್ತದೆ.

ದೊಡ್ಡ ಬುಟ್ಟಿ: ಬೇಗ ಮುಚ್ಚುತ್ತದೆ, ಬೇಗ ಕೆಡಿಸುತ್ತದೆ

ಬುಟ್ಟಿಯನ್ನು ಬೈದು ಶುರುಮಾಡಿದ್ದರಿಂದ ಮೊದಲು ಅದರ ಗುಣ ಹೇಳಬೇಕು. ಎತ್ತಿಡುವುದಕ್ಕೆ ಅದರಷ್ಟು ಸುಲಭದ ವ್ಯವಸ್ಥೆ ಇನ್ನೊಂದಿಲ್ಲ. ಬಾಗಿಲಲ್ಲಿ ನೆಂಟರ ಚಪ್ಪಲಿ ಸದ್ದಾದಾಗ ಎರಡು ನಿಮಿಷದಲ್ಲಿ ನೆಲ ಕಾಣುವಂತೆ ಮಾಡುತ್ತದೆ. ಮೂರು ವರ್ಷದವನೂ ಎತ್ತಿ ಹಾಕಬಲ್ಲ. ಎಸೆಯುವುದೇ ಅವನಿಗೊಂದು ಆಟ.

ತೊಂದರೆ ಮಾರನೆಯ ಬೆಳಿಗ್ಗೆಯದು. ತಳದಲ್ಲಿರುವ ಒಂದು ಬಸ್ಸು ಬೇಕಾದರೆ ಬುಟ್ಟಿಯನ್ನೇ ಕವುಚಬೇಕು. ಭಾರದ್ದು ಕೆಳಗೆ ಇಳಿದು ಹಗುರದ್ದನ್ನು ಮುರಿಯುತ್ತದೆ. ಪಜಲ್‌ನ ತುಂಡುಗಳು ಒಂದು ವಾರದಲ್ಲಿ ದಿಕ್ಕಾಪಾಲು. ಆದ್ದರಿಂದ ಬುಟ್ಟಿ ಬೇಕೇ ಬೇಕೆನ್ನುವವರು ಅದನ್ನು ದೊಡ್ಡ, ಹಗುರ ಸಾಮಾನಿಗೆ ಮಾತ್ರ ಮೀಸಲಿಡಿ: ಚೆಂಡು, ಬಟ್ಟೆಯ ಗೊಂಬೆ, ಪ್ಲಾಸ್ಟಿಕ್ ಬ್ಯಾಟು. ಮೇದರು ಹೆಣೆದ ಬಿದಿರಿನ ಬುಟ್ಟಿ ಗಾಳಿಯಾಡುತ್ತದೆ, ಹಗುರ, ನೋಡಲೂ ಚೆನ್ನ. ಒಣಗಿದ ಮೇಲೆ ಅಂಚಿನ ಸಿಬಿರು ಏಳುತ್ತದೆ, ಹಳೆಯ ಬಟ್ಟೆಯ ಪಟ್ಟಿಯೊಂದನ್ನು ಅಂಚಿಗೆ ಸುತ್ತಿ ಹೊಲಿದರೆ ಆಯಿತು.

ಬುಟ್ಟಿಯ ಸೋದರನಾದ ಟ್ರಂಕಿನ ವಿಷಯದಲ್ಲಿ ನಾನು ಖಡಾಖಂಡಿತ. ಅಜ್ಜಿಯ ಕಾಲದ ಕಬ್ಬಿಣದ ಟ್ರಂಕಿಗೆ ಬಣ್ಣ ಬಳಿದು ಆಟಿಕೆಯ ಪೆಟ್ಟಿಗೆ ಮಾಡುವುದು ಚಿತ್ರದಲ್ಲಿ ಚೆಂದ. ಆದರೆ ಅದರ ಮುಚ್ಚಳ ಮಗುವಿನ ತಲೆಯ ಮೇಲೋ ಕತ್ತಿನ ಮೇಲೋ ಬೀಳುತ್ತದೆ. ಒಳಗೆ ಅವಿತುಕೊಳ್ಳುವ ಆಟದಲ್ಲಿ ಚಿಲಕ ಬಿದ್ದರೆ ಉಸಿರುಗಟ್ಟುತ್ತದೆ. ಮುಚ್ಚಳವನ್ನು ಬಿಚ್ಚಿ ಬೇರೆಯಿಟ್ಟರೆ ಮಾತ್ರ ಮಕ್ಕಳ ಕೈಗೆ ಕೊಡಿ.

ತಗ್ಗಿನ ತೆರೆದ ಗೂಡು: ನನ್ನ ಪಕ್ಷಪಾತ ಇದರ ಕಡೆಗೆ

ಮಗುವಿನ ಎದೆಮಟ್ಟದ, ಬಾಗಿಲಿಲ್ಲದ ಎರಡು ಸಾಲಿನ ಶೆಲ್ಫು. ಒಂದೊಂದು ಆಟಕ್ಕೆ ಒಂದೊಂದು ತಟ್ಟೆ, ತಟ್ಟೆಗಳ ನಡುವೆ ಖಾಲಿ ಜಾಗ. ಮಾಂಟೆಸರಿ ಶಾಲೆಗಳಲ್ಲಿ ನೋಡಿರುತ್ತೀರಿ. ಮಾರಿಯಾ ಮಾಂಟೆಸರಿ 1939ರಲ್ಲಿ ಮದರಾಸಿಗೆ ಬಂದವರು ಯುದ್ಧದ ಕಾರಣದಿಂದ ವರ್ಷಗಟ್ಟಲೆ ಇಲ್ಲೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು. ಹಾಗಾಗಿ ಈ ತಗ್ಗಿನ ಶೆಲ್ಫು ಅಂತರ್ಜಾಲದಲ್ಲಿ ನೋಡಿ ಕಲಿತ ಹೊಸ ಫ್ಯಾಷನ್ ಅಲ್ಲವೆಂದು ಅತ್ತೆಯ ಮುಂದೆ ವಾದಿಸಲು ನನಗೊಂದು ಆಧಾರ ಸಿಕ್ಕಿತು.

ನಾನು ಬಳಸಿದ್ದು ಹಳೆಯ ಚಪ್ಪಲಿ ಸ್ಟ್ಯಾಂಡು. ಚೆನ್ನಾಗಿ ಉಜ್ಜಿ, ಬಿಸಿಲಿಗಿಟ್ಟು, ಬಣ್ಣ ಹೊಡೆದೆವು. ತಟ್ಟೆಗಳ ಬದಲು ಎರಡು ಸಣ್ಣ ಮೊರ, ಎರಡು ಸ್ಟೀಲ್ ತಟ್ಟೆ, ಮಿಠಾಯಿ ಅಂಗಡಿಯ ಒಂದು ರಟ್ಟಿನ ಡಬ್ಬದ ತಳ. ಮೊರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂರು ಕಡೆ ಅಂಚಿದೆ, ಒಂದು ಕಡೆ ತೆರೆದಿದೆ, ಮಗು ಅದನ್ನು ಎರಡು ಕೈಯಲ್ಲಿ ಹಿಡಿದು ಚಾಪೆಗೆ ತಂದು ಸುರಿಯುತ್ತದೆ. ಮತ್ತೆ ಒಳಕ್ಕೆ ಗುಡಿಸಿ ತುಂಬುವುದೂ ಸುಲಭ.

ಎತ್ತಿಡುವ ಪರೀಕ್ಷೆಯಲ್ಲಿ ಗೂಡು ಗೆದ್ದದ್ದು ಹೀಗೆ: ಖಾಲಿ ಜಾಗ ಕಾಣುತ್ತದೆ. ಬುಟ್ಟಿಯಲ್ಲಿ ಒಂದು ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಗೂಡಿನಲ್ಲಿ ಬುಗುರಿಯ ಜಾಗ ಬರಿದಾಗಿದ್ದರೆ ಬುಗುರಿ ಎಲ್ಲಿ ಎಂದು ಚಿಕ್ಕವನೇ ಕೇಳುತ್ತಾನೆ, ಮಂಚದ ಕೆಳಗೆ ತೂರಿ ತರುತ್ತಾನೆ. ಹೇಳಿಸಿಕೊಳ್ಳದೆ ಅವನು ಏನನ್ನಾದರೂ ಸ್ವಸ್ಥಾನಕ್ಕೆ ಸೇರಿಸಿದ್ದು ಅದೇ ಮೊದಲು.

ಕೊರತೆಗಳೂ ಇವೆ. ಎಂಟು ಹತ್ತಕ್ಕಿಂತ ಹೆಚ್ಚು ಸಾಮಾನು ಇಟ್ಟಿರೋ, ಗೂಡು ಗುಜರಿ ಅಂಗಡಿಯಾಗುತ್ತದೆ. ದೂಳು ಕೂರುತ್ತದೆ, ವಾರಕ್ಕೊಮ್ಮೆ ಒರೆಸಲೇಬೇಕು. ರಸ್ತೆ ಬದಿಯ ಮನೆಯಾದರೆ ವಾರಕ್ಕೆರಡು ಬಾರಿ. ಉಳಿದ ತೊಂಬತ್ತು ಸಾಮಾನಿಗೆ ಬೇರೆ ಜಾಗ ಬೇಕೇ ಬೇಕು. ಅಟ್ಟವಿಲ್ಲದೆ ಗೂಡು ನಿಲ್ಲುವುದಿಲ್ಲ. ಆ ವಿಚಾರಕ್ಕೆ ಬರುತ್ತೇನೆ.

ಟಬ್ಬುಗಳ ಚೌಕಟ್ಟು

ಮರದ ಅಥವಾ ಲೋಹದ ಚೌಕಟ್ಟಿನಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಟಬ್ಬುಗಳನ್ನು ಜಾರಿಸಿ ಇಡುವ ವ್ಯವಸ್ಥೆ. 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆದ ಮೇಲೆ ಇದು ಎಷ್ಟೋ ಮನೆಗಳಿಗೆ ಬಂದಿದೆ. ಅದೇ ಮಾದರಿಯದು ಆನ್‌ಲೈನಿನಲ್ಲೂ ಸಿಗುತ್ತದೆ, ಬಡಗಿಯಿಂದಲೂ ಮಾಡಿಸಬಹುದು. ಬುಟ್ಟಿಯ ವೇಗ, ಗೂಡಿನ ಓರಣ ಎರಡೂ ಅರ್ಧರ್ಧ ಇದರಲ್ಲಿವೆ. ಇಬ್ಬರು ಮಕ್ಕಳು, ಸಾಮಾನು ಹೆಚ್ಚು, ಅಟ್ಟವಿಲ್ಲದ ಅಪಾರ್ಟ್‌ಮೆಂಟು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಇದು ಸೋಲುವುದು ನಮ್ಮ ಅತಿ ಬುದ್ಧಿವಂತಿಕೆಯಿಂದ. ನಾನು ಹನ್ನೊಂದು ವಿಭಾಗ ಮಾಡಿದ್ದೆ: ಕಾಡುಪ್ರಾಣಿ, ಸಾಕುಪ್ರಾಣಿ, ಡೈನೋಸಾರ್, ದೊಡ್ಡ ಗಾಡಿ, ಸಣ್ಣ ಗಾಡಿ, ಹೀಗೆ. ಆನೆಯನ್ನು ಯಾವುದಕ್ಕೆ ಹಾಕಬೇಕೆಂದು ಮಗಳು ಕೇಳಿದಳು. ದಸರೆಯ ಊರಿನಲ್ಲಿ ಬೆಳೆದ ಮಗು, ಅವಳ ಪ್ರಕಾರ ಆನೆ ಸಾಕುಪ್ರಾಣಿ. ವಾದ ಮುಗಿಯುವ ಹೊತ್ತಿಗೆ ಎಲ್ಲವೂ ನೆಲದ ಮೇಲೇ ಇತ್ತು. ಈಗ ನಾಲ್ಕೇ ಹೆಸರು: ಗಾಡಿ, ಪ್ರಾಣಿ, ಅಡುಗೆ, ಕಟ್ಟುವುದು. ಓದು ಬಾರದವನಿಗಾಗಿ ಪ್ರತಿ ಟಬ್ಬಿನ ಮುಂದೆ ಒಂದು ಚಿತ್ರ. ಚಿತ್ರ ಬರೆದವಳು ದೊಡ್ಡವಳು, ಆದ್ದರಿಂದ ಆ ವ್ಯವಸ್ಥೆಯನ್ನು ಕಾಯುವ ಪೊಲೀಸಳೂ ಅವಳೇ.

ಪಾರದರ್ಶಕ ಡಬ್ಬವೋ, ಬಣ್ಣದ್ದೋ? ಮಕ್ಕಳ ಕೈಗೆ ಸಿಗುವಲ್ಲಿ ಪಾರದರ್ಶಕ, ಮಕ್ಕಳಿಂದ ಬಚ್ಚಿಡುವಲ್ಲಿ ಬಣ್ಣದ್ದು. ಇದರಲ್ಲಿ ಹೆಚ್ಚು ಯೋಚಿಸುವಂಥದ್ದೇನಿಲ್ಲ.

ಡ್ರಾಯರುಗಳು

ದೂಳಿಲ್ಲ, ಕಣ್ಣಿಗೆ ಹಿತ, ಬಂದವರಿಗೆ ಏನೂ ಕಾಣದು. ದೊಡ್ಡವರಿಗೆ ಇಷ್ಟವಾಗುವ ಎಲ್ಲ ಗುಣಗಳೂ ಇವೆ. ಆದರೆ ಮಕ್ಕಳಿಗೆ ಎಳೆದ ಡ್ರಾಯರು ಒಂದು ಮೆಟ್ಟಿಲು. ಒಂದರ ಮೇಲೊಂದು ಎಳೆದು ಹತ್ತಿದರೆ ಇಡೀ ಬೀರು ಮುಂದಕ್ಕೆ ವಾಲುತ್ತದೆ. 2016ರಲ್ಲಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಬೀರು ಮೈಮೇಲೆ ಬಿದ್ದು ಮಕ್ಕಳು ಸತ್ತಿದ್ದರು. ಗೋಡೆಗೆ ಸ್ಕ್ರೂ ಹಾಕಿ ಬಿಗಿಯುವುದೊಂದೇ ಉಪಾಯ, ಬಾಡಿಗೆ ಮನೆಯಲ್ಲಿ ಮಾಲೀಕರು ಅದಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಮಗುವಿನ ಸೊಂಟಕ್ಕಿಂತ ಎತ್ತರದ ಡ್ರಾಯರ್ ಬೀರನ್ನು ಆಟಿಕೆಗೆಂದು ತರಬೇಡಿ. ಈ ಮಾತು ಎತ್ತರದ, ಕಿರಿದಾದ ಎಲ್ಲ ರ‍್ಯಾಕುಗಳಿಗೂ ಸಲ್ಲುತ್ತದೆ. ನಮ್ಮಲ್ಲಿ ಡ್ರಾಯರು ಇರುವುದು ಕಾಗದ, ಬಣ್ಣ, ಅಂಟಿಗೆ ಮಾತ್ರ.

ಲಾಡಿ ಎಳೆಯುವ ಚೀಲ

ಇದಕ್ಕೆ ಅಂಗಡಿಯಲ್ಲಿ ಒಳ್ಳೆಯ ಬೆಲೆಯಿದೆ, ಮನೆಯಲ್ಲಿ ಬಿಟ್ಟಿ. ಬ್ಲಾಕುಗಳಂಥ ನೂರಾರು ಚೂರುಗಳಿರುವ ಆಟಕ್ಕೆ ಮಾತ್ರ ಇದು, ಆದರೆ ಅದಕ್ಕೆ ಇದನ್ನು ಮೀರಿಸಿದ್ದು ಇಲ್ಲ. ಹಳೆಯ ಕಾಟನ್ ಸೀರೆಯನ್ನು ಎರಡು ಪದರ ಮಾಡಿ, ನಾಲ್ಕು ಅಡಿ ಅಡ್ಡಳತೆಯ ವೃತ್ತ ಕತ್ತರಿಸಿ. ಅಂಚನ್ನು ಒಂದು ಅಂಗುಲ ಮಡಚಿ ಸುತ್ತ ಹೊಲಿಯಿರಿ, ಒಂದು ಕಡೆ ಬಾಯಿ ಬಿಡಿ, ಪಿನ್ನಿಗೆ ಲಾಡಿ ಸಿಕ್ಕಿಸಿ ಲಂಗಕ್ಕೆ ತೂರಿಸಿದಂತೆ ತೂರಿಸಿ. ಬಿಚ್ಚಿದರೆ ಚಾಪೆ, ಎಳೆದರೆ ಗಂಟು. ಆಟ ಬಟ್ಟೆಯ ಮೇಲೇ ನಡೆಯುವುದರಿಂದ ಹೆಕ್ಕುವ ಕೆಲಸವೇ ಇಲ್ಲ. ನಮ್ಮದನ್ನು ಹೊಲಿದವರು ಅತ್ತೆ. ಬ್ಲಾಕನ್ನು ತುಳಿದು ರಾತ್ರಿ ದೇವರನ್ನು ನೆನೆದವರೂ ಮೊದಲು ಅವರೇ.

ಒಂದು ಎಚ್ಚರ: ಉದ್ದನೆಯ ಲಾಡಿ ಎಳೆಯ ಮಕ್ಕಳ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಚೀಲ ಎತ್ತರದ ಗೂಟದಲ್ಲಿ ತೂಗಲಿ, ದೊಡ್ಡವರೇ ಇಳಿಸಿಕೊಡಲಿ.

ಇಬ್ಬರು ಮಕ್ಕಳು, ಎರಡು ಎತ್ತರ

ಏಳು ವರ್ಷದವಳ ಮಣಿಸರದ ಮಣಿ ಚಿಕ್ಕವನ ಬಾಯಿಗೆ ಹೋಗುವುದು ನಮ್ಮಂಥ ಮನೆಗಳ ದೊಡ್ಡ ಭಯ. ಮೂರು ವರ್ಷದೊಳಗಿನವರ ಆಟಿಕೆಯಲ್ಲಿ ಸಣ್ಣ ಬಿಡಿಭಾಗಗಳಿವೆಯೇ ಎಂದು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಮುಳುಗುವ ಯಾವುದೂ ಆ ವಯಸ್ಸಿನವರಿಗೆ ಸಲ್ಲ. ಗೋಲಿ, ಕವಡೆ, ಹುಣಸೆಬೀಜ ಎಲ್ಲವೂ ಅದರೊಳಗೆ ಮುಳುಗುತ್ತವೆ, ಎಂದರೆ ನಮ್ಮ ಚೌಕಾಬಾರದ ಸಾಮಾನೂ ಮೇಲೇರಬೇಕು.

ಇದಕ್ಕೆ ನಾನು ಕಂಡುಕೊಂಡದ್ದು ಅಡುಗೆಮನೆಯ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ. ಮಗಳಿಗೆ ತೆರೆಯಲು ಬರುತ್ತದೆ, ಮಗನಿಗೆ ಬರುವುದಿಲ್ಲ. ಬರುವ ದಿನ ದೂರವಿಲ್ಲ, ಅದಕ್ಕೇ ಡಬ್ಬ ಕಪಾಟಿನ ಮೇಲಿನ ಸಾಲಿನಲ್ಲಿದೆ. ಸಣ್ಣ ಮಣಿಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿಡಲು ಹಳೆಯ ಒಗ್ಗರಣೆ ಡಬ್ಬಿಗಿಂತ ಒಳ್ಳೆಯ ಪೆಟ್ಟಿಗೆಯನ್ನು ಯಾವ ಅಂಗಡಿಯೂ ಮಾರುತ್ತಿಲ್ಲ. ತೆರೆದಾಗ ಸಾಸಿವೆಯ ವಾಸನೆ ಸ್ವಲ್ಪ ಬರುತ್ತದೆ ಅಷ್ಟೇ.

ಜಾಗ ಹುಡುಕದೆ ನೇರ ಹೊರಗೆ ಹಾಕಬೇಕಾದವು ಮೂರು: ಸ್ಕ್ರೂ ಇಲ್ಲದ ಮುಚ್ಚಳದ ಹಿಂದೆ ಗುಂಡಿ ಬ್ಯಾಟರಿ ಇರುವ ಆಟಿಕೆ, ಕಳಚಿ ಬರುವ ಪುಟ್ಟ ಬಲವಾದ ಆಯಸ್ಕಾಂತ, ನೀರಿನಲ್ಲಿ ಊದಿಕೊಳ್ಳುವ ಬಣ್ಣದ ಮಣಿ. ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಿನ ಮಾಂಸವನ್ನು ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಆಸ್ಪತ್ರೆಗೆ ಓಡಬೇಕು, ನಾಳೆ ನೋಡೋಣ ಎನ್ನುವಂತಿಲ್ಲ.

ಅಟ್ಟ: ದಸರೆಯ ಗೊಂಬೆಯಿಂದ ಕಲಿತದ್ದು

ಅತ್ತೆಯ ಬಳಿ ಒಂದು ಪೆಟ್ಟಿಗೆಯಿದೆ. ಪಟ್ಟದ ಗೊಂಬೆ ಜೋಡಿ, ಮಣ್ಣಿನ ಸೆಟ್ಟಿಯಂಗಡಿ, ಬಣ್ಣ ಮಾಸಿದ ದಶಾವತಾರ. ಪ್ರತಿಯೊಂದಕ್ಕೂ ಹಳೆಯ ಮಲ್ಲು ಪಂಚೆಯ ತುಂಡು ಸುತ್ತಿ, ನಡುವೆ ಬೇವಿನ ಒಣಗಿದ ಎಲೆ, ಬಜೆಯ ಚೂರು ಇಡುತ್ತಾರೆ. ವರ್ಷದಲ್ಲಿ ಹತ್ತು ದಿನ ಮಾತ್ರ ಅವು ಬೆಳಕು ನೋಡುತ್ತವೆ. ನವರಾತ್ರಿಯ ಮೊದಲ ದಿನ ಪೆಟ್ಟಿಗೆ ಇಳಿದಾಗ ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಾರೆ. ಸೆಟ್ಟಿಯ ಮುಂದೆ ಅಕ್ಕಿ ಬೇಳೆ ಇಡುವ ಹಕ್ಕಿಗಾಗಿ ಜಗಳ. ಅದೇ ಸೆಟ್ಟಿ ವರ್ಷಪೂರ್ತಿ ಬುಟ್ಟಿಯಲ್ಲಿ ಬಿದ್ದಿದ್ದರೆ ಅವನ ಮೂಗು ದೀಪಾವಳಿಯೊಳಗೆ ಹೋಗಿರುತ್ತಿತ್ತು.

ಆಟಿಕೆಗಳನ್ನು ಸರದಿಯ ಮೇಲೆ ಇಳಿಸಿ ಏರಿಸಬೇಕೆಂದು ಈಗಿನ ಪುಸ್ತಕಗಳು ಹೇಳುವುದು ಇದನ್ನೇ. ನಮ್ಮಲ್ಲಿ ಮೂರು ಪಾಲು: ಒಂದು ಗೂಡಿನಲ್ಲಿ, ಎರಡು ಅಟ್ಟದ ಮೇಲೆ. ತಿಂಗಳ ಮೊದಲ ಭಾನುವಾರ ಒಂದು ಇಳಿಯುತ್ತದೆ, ಒಂದು ಏರುತ್ತದೆ. ರಾತ್ರಿ ತಬ್ಬಿಕೊಂಡು ಮಲಗುವ ಗೊಂಬೆಗೆ ಈ ಸರದಿಯಿಂದ ವಿನಾಯಿತಿ. ಮೊದಲ ತಿಂಗಳು ಅದನ್ನೂ ಏರಿಸಿ ರಾತ್ರಿ ಹನ್ನೊಂದಕ್ಕೆ ನನ್ನ ಗಂಡ ಸ್ಟೂಲು ಹತ್ತಬೇಕಾಯಿತು.

ಅಟ್ಟಕ್ಕೆ ರಟ್ಟಿನ ಪೆಟ್ಟಿಗೆಯೋ, ಪ್ಲಾಸ್ಟಿಕ್ಕೋ ಎಂದರೆ ಪ್ಲಾಸ್ಟಿಕ್. ರಟ್ಟು ಮಳೆಗಾಲದ ತೇವ ಹೀರುತ್ತದೆ, ಜಿರಳೆಗೆ ಮನೆಯಾಗುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದರೆ ರಟ್ಟಿನ ಮಾತೇ ಬೇಡ. ಏರಿಸುವ ಮೊದಲು ಬ್ಯಾಟರಿ ಸೆಲ್ಲುಗಳನ್ನು ತೆಗೆಯಿರಿ. ಒಳಗೇ ಉಳಿದ ಸೆಲ್ಲು ಸೋರಿ ತಂತಿಯನ್ನು ತಿಂದುಹಾಕುತ್ತದೆ. ಬಟ್ಟೆಯ ಗೊಂಬೆಗಳನ್ನು ಒಗೆದು, ಒಳಗಿನ ಹತ್ತಿಯೂ ಒಣಗುವವರೆಗೆ ಬಿಸಿಲಿಗೆ ಹಾಕಿ. ಅರೆಬರೆ ಒಣಗಿದ್ದನ್ನು ಮುಚ್ಚಿಟ್ಟರೆ ಬೂಷ್ಟು ಖಂಡಿತ.

ಚನ್ನಪಟ್ಟಣದ ಮರದ ಆಟಿಕೆಗೆ ಒಗೆತ ಬೇಡವೇ ಬೇಡ. ಹಾಲೆ ಮರವನ್ನು ಕಡೆಯುವಾಗಲೇ ತಿರುಗುವ ಯಂತ್ರದ ಮೇಲೆ ಬಣ್ಣದ ಅರಗನ್ನು ಒತ್ತಿ, ಆ ಉಜ್ಜುವಿಕೆಯ ಬಿಸಿಗೆ ಕರಗಿಸಿ ಹಚ್ಚಿ, ಆಮೇಲೆ ಕೇದಗೆಯ ಎಲೆಯಿಂದ ಹೊಳಪು ಕೊಟ್ಟಿರುತ್ತಾರೆ. ನೀರಿನಲ್ಲಿ ನೆನೆಸಿದರೆ ಮರ ಉಬ್ಬಿ ಅರಗು ಬಿರುಕು ಬಿಡುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಉರಿಬಿಸಿಲಿಗೂ ಇಡಬೇಡಿ.

ಅಟ್ಟದಲ್ಲಿ ಒಂದು ಮೋಸವೂ ಅಡಗಿದೆ. ಕೊಡಲು ಮನಸ್ಸಿಲ್ಲದ್ದನ್ನೆಲ್ಲ ಏರಿಸುತ್ತಾ ಹೋಗಬಹುದು. ನಾನು ಹಾಕಿಕೊಂಡ ಗೆರೆ ಇಷ್ಟು: ಎರಡು ಸಲ ಇಳಿದು ಬಂದರೂ ಯಾರೂ ಮುಟ್ಟದಿದ್ದರೆ ಅದು ಮತ್ತೆ ಏರುವುದಿಲ್ಲ, ಮನೆ ಬಿಡುತ್ತದೆ.

ಮನೆ ಬಿಡುವವು ಎಲ್ಲಿಗೆ?

ನೆಂಟರ ಮಕ್ಕಳಿಗೆ ದಾಟಿಸುವುದು ನಮ್ಮ ಹಳೆಯ ದಾರಿ, ಅದರಲ್ಲಿ ಲೆಕ್ಕವೂ ಇಲ್ಲ, ಸಂಕೋಚವೂ ಇಲ್ಲ. ಮಾರುವುದರಲ್ಲಿ ನನಗೆ ಆಸಕ್ತಿಯಿಲ್ಲ. ಸೈಕಲ್ಲು, ತಳ್ಳುಗಾಡಿಯಂಥ ದೊಡ್ಡ ಸಾಮಾನಿಗಾದರೆ ಸರಿ, ಐವತ್ತು ರೂಪಾಯಿಯ ಪಜಲ್‌ಗೆ ಹದಿನೈದು ಸಂದೇಶಗಳ ವಿನಿಮಯ ಯಾರಿಗೆ ಬೇಕು?

ಅಂಗನವಾಡಿಗೆ ಕೊಡುವುದಾದರೆ ಮೊದಲು ಹೋಗಿ ಕಾರ್ಯಕರ್ತೆಯವರನ್ನು ಕೇಳಿ. ರಾಜ್ಯದಲ್ಲಿ ಅಂಗನವಾಡಿಗಳ ಯೋಜನೆ ಶುರುವಾದದ್ದು 1975ರಲ್ಲಿ, ನಮ್ಮ ಪಕ್ಕದ ತಿರುಮಕೂಡಲು ನರಸೀಪುರದಲ್ಲಿ. ಅಲ್ಲಿ ಆಡುವವರು ಮೂರರಿಂದ ಆರು ವರ್ಷದವರು, ಒಂದೇ ಕೋಣೆ, ಇಡುವ ಜಾಗ ನಮ್ಮ ಮನೆಗಿಂತ ಇಕ್ಕಟ್ಟು. ನಾನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಕಟ್ಟುವ ಸಾಮಾನು ಇದ್ದರೆ ಕೊಡಿ ಅಕ್ಕ, ಕೀ ಕೊಡುವಂಥದ್ದು ಬೇಡ, ಎರಡೇ ದಿನಕ್ಕೆ ಕೆಡುತ್ತದೆ." ತುಂಡು ಕಳೆದ ಪಜಲ್, ಚಕ್ರ ಕಳೆದ ಕಾರುಗಳನ್ನು ಕೊಟ್ಟು ದಾನವೆನ್ನುವುದು ನಮ್ಮ ಕಸವನ್ನು ಅವರ ತಲೆಗೆ ಕಟ್ಟಿದಂತೆ.

ಬಾಯಿಗೆ ಹಾಕುವ ವಯಸ್ಸಿನವರಿಗೆ ಹಳೆಯ ಪ್ಲಾಸ್ಟಿಕ್ ದಾಟಿಸುವಾಗ ಐಎಸ್‌ಐ ಗುರುತು ನೋಡಿ. ದೇಶದಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ಅದಕ್ಕೂ ಹಿಂದಿನದು, ಬಣ್ಣ ಉದುರುತ್ತಿರುವುದು ಆದರೆ ಕೂಸಿಗೆ ಕೊಡದಿರುವುದೇ ಒಳ್ಳೆಯದು. ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ನೋಂದಾಯಿತ ಬಳಕೆದಾರರು ಮಾಡಿದ ಆಟಿಕೆಗಳಿಗೆ ಈ ನಿಯಮದಿಂದ ವಿನಾಯಿತಿಯಿದೆ, ಚನ್ನಪಟ್ಟಣದ ಆಟಿಕೆಗೆ ಆ ಸೂಚಕವಿದೆ. ಚನ್ನಪಟ್ಟಣದ ಗಿಲಕಿಯ ಮೇಲೆ ಗುರುತಿಲ್ಲವೆಂದು ಗಾಬರಿಯಾಗಬೇಡಿ.

ಬ್ಯಾಟರಿಯಿಂದ ಓಡುವ, ಹಾಡುವ ಕೆಟ್ಟ ಆಟಿಕೆಗಳು ಇ-ತ್ಯಾಜ್ಯಕ್ಕೆ ಸೇರಬೇಕು, ಮನೆಯ ಕಸದ ಡಬ್ಬಿಗಲ್ಲ. ಗುಜರಿಯವರು ಗಟ್ಟಿ ಪ್ಲಾಸ್ಟಿಕ್ ಒಯ್ಯುತ್ತಾರೆ, ಮೂರು ಬಗೆ ಬೆರೆತ ಆಟಿಕೆಯನ್ನು ಹೆಚ್ಚಾಗಿ ಬಿಟ್ಟು ಹೋಗುತ್ತಾರೆ.

ಕೊಳ್ಳದೆ ಎರವಲು ತರುವ ಆಟಿಕೆ ಗ್ರಂಥಾಲಯಗಳೂ ಇವೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1935ರಲ್ಲಿ, ಲಾಸ್ ಏಂಜಲೀಸಿನಲ್ಲಿ ಇಂಥದ್ದೊಂದು ಶುರುವಾಗಿತ್ತು. ನಿಮ್ಮ ಊರಿನಲ್ಲಿದ್ದರೆ ಅದೃಷ್ಟ, ಅಟ್ಟದ ಕೆಲಸ ಅವರೇ ಮಾಡುತ್ತಾರೆ. ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಪೆಟ್ಟಿಗೆಗಳನ್ನು ಬದಲಿಸಿಕೊಳ್ಳುತ್ತೇವೆ, ಒಂದು ತಿಂಗಳಿಗೆ. ಎರಡು ಸಲ ತುಂಡು ಕಳೆದು ಮುಖ ಸಿಂಡರಿಸಿದ್ದೂ ಆಗಿದೆ.

ನಿಮ್ಮ ಮನೆಗೆ

ಒಂದೇ ಕೋಣೆ, ಒಂದು ಮಗು ಎಂದರೆ ಮಂಚದ ಕೆಳಗೆ ಚಕ್ರದ ಒಂದು ತಗ್ಗಿನ ಪೆಟ್ಟಿಗೆ ಮತ್ತು ಲಾಡಿಯ ಚೀಲ, ಅಷ್ಟರಲ್ಲೇ ಮುಗಿಸಿ. ವಾರಾಂತ್ಯದಲ್ಲಿ ಮಾತ್ರ ಮೊಮ್ಮಕ್ಕಳು ಬರುವ ಅಜ್ಜಿಯ ಮನೆಗೆ ಬುಟ್ಟಿಯೇ ಸರಿ, ಅಲ್ಲಿ ಓರಣದ ಗೊಡವೆ ಏಕೆ? ಮಕ್ಕಳ ಕೋಣೆ ಬೇರೆಯಿದ್ದು ಸಾಮಾನು ಮಿತಿಮೀರಿದ್ದರೆ ಟಬ್ಬುಗಳು. ನಮ್ಮಂತೆ ಇಕ್ಕಟ್ಟಿನ ಮನೆ, ತಲೆಯ ಮೇಲೆ ಅಟ್ಟ, ಮೂರು ಮತ್ತು ಏಳು ವರ್ಷದವರು ಎಂದರೆ ಗೂಡು, ಚೀಲ, ಸ್ಟೀಲ್ ಡಬ್ಬ, ಅಟ್ಟ, ಈ ನಾಲ್ಕೂ ಸೇರಿ. ಒಟ್ಟು ಖರ್ಚು ಬಣ್ಣದ ಡಬ್ಬ ಮತ್ತು ಎರಡು ಪ್ಲಾಸ್ಟಿಕ್ ಪೆಟ್ಟಿಗೆಯದು.

ಒಳಗೆ ಬರುವುದನ್ನು ತಡೆಯುವ ಕಲೆ ಮಾತ್ರ ನನಗಿನ್ನೂ ಸಿದ್ಧಿಸಿಲ್ಲ. ಹುಟ್ಟುಹಬ್ಬಕ್ಕೆ ಆಟಿಕೆ ಬೇಡ, ಬಣ್ಣದ ಪೆನ್ಸಿಲ್ಲೋ ಪುಸ್ತಕವೋ ತನ್ನಿ, ಇಲ್ಲವೇ ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆ. ಅಕ್ಕನ ಮಕ್ಕಳ ಮೇಲೆ ಪ್ರೀತಿಯಿರುವ ನನ್ನ ತಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಸೋದರಮಾವ ಬರಿಗೈಯಲ್ಲಿ ಬರುವುದುಂಟೇ ಅಕ್ಕಾ?" ಎಂದು ನಾಲ್ಕು ಅಡಿ ಎತ್ತರದ ಕರಡಿಯನ್ನು ಹೆಗಲ ಮೇಲೆ ಹೊತ್ತು ತಂದ. ಗೂಡಿಗೆ ಅದು ಹಿಡಿಯುವುದಿಲ್ಲ, ಅಟ್ಟದ ಬಾಗಿಲಿನಲ್ಲಿ ತೂರುವುದಿಲ್ಲ. ಸದ್ಯಕ್ಕೆ ಊಟದ ಮೇಜಿನ ಆರನೆಯ ಕುರ್ಚಿಯಲ್ಲಿ ಕೂತಿದೆ. ನೆಂಟರು ಬಂದ ದಿನ ನಮ್ಮ ಮಂಚದ ಮೇಲೆ ಮಲಗುತ್ತದೆ.